ಬಟಾಣಿಯ ಹಿರಿಮೆ

ಊಟದ ಪಂಕ್ತಿಯಲ್ಲಿ ಬಟಾಣಿಗೆ ಮೊದಲ ಮಣೆ ದೊರೆತುದು ಅಪೂರ್ವ. ಉಪ್ಪಿಟ್ಟಿನಲ್ಲಿ ಅದು ಅಲ್ಲೊಂದು ಇಲ್ಲೊಂದು ಇಣುಕುವ ಅಲಂಕಾರ. ಪಲಾವಿನಲ್ಲಿ ಬರಿಯ ಹಸಿರು ಬೊಟ್ಟು. ಮಕ್ಕಳಲ್ಲಿ ಕೆಲವರಂತೂ ಅದನ್ನು ಒಂದೊಂದಾಗಿ ಆರಿಸಿ ತಟ್ಟೆಯ ಅಂಚಿಗೆ ಸರಿಸುವುದುಂಟು. ಮೆಂಡೆಲ್ ಎಂಬ ಕ್ರೈಸ್ತ ಸಂನ್ಯಾಸಿ 1856ರಿಂದ 1863ರವರೆಗೆ ಮಠದ ತೋಟದಲ್ಲಿ ಈ ಗಿಡವನ್ನೇ ಬೆಳೆಸಿ ಅನುವಂಶೀಯತೆಯ ನಿಯಮಗಳನ್ನು ಕಂಡುಕೊಂಡನು. ವಿಜ್ಞಾನದಲ್ಲಿ ಅಷ್ಟು ಮನ್ನಣೆ ಪಡೆದ ಕಾಳು ತಟ್ಟೆಯಲ್ಲಿ ಮಾತ್ರ ಅಂಚಿನ ಪಾಲಾಗಿದೆ.

ಹೀಗೆ ಕಳೆದುಕೊಳ್ಳುವುದು ಏನನ್ನು? 100 ಗ್ರಾಂ ಹಸಿ ಬಟಾಣಿಯಲ್ಲಿ 5 ಗ್ರಾಂಗೂ ಮಿಕ್ಕ ಸಸಾರಜನಕವಿದೆ. ಸುಮಾರು ಅಷ್ಟೇ ನಾರಿನ ಅಂಶವಿದೆ. ಸೊಪ್ಪು ತರಕಾರಿಗಳಲ್ಲಿ ಇಷ್ಟು ಸಸಾರಜನಕ ಸಿಗುವುದು ವಿರಳ. ನಾರು ಮಲಬದ್ಧತೆಯನ್ನು ತಡೆಯುತ್ತದೆ. ಅಕ್ಕಿ, ಗೋಧಿಗಳ ಸಸಾರಜನಕದಲ್ಲಿ ಲೈಸೀನ್ ಎಂಬ ಅಂಶ ಕಡಿಮೆ. ಬಟಾಣಿಯಲ್ಲಿ ಅದು ಧಾರಾಳ. ಬಟಾಣಿಯಲ್ಲಿ ಕೊರತೆಯಾದ ಮಿಥಿಯೊನೀನನ್ನು ಧಾನ್ಯಗಳು ಒದಗಿಸುತ್ತವೆ. ಅನ್ನದೊಡನೆಯೋ ಚಪಾತಿಯೊಡನೆಯೋ ಬಟಾಣಿಯನ್ನು ಸೇರಿಸಿದ ಹಿರಿಯರ ಅಡಿಗೆಯಲ್ಲಿ ರುಚಿಯಷ್ಟೇ ಅಲ್ಲ, ವಿವೇಕವೂ ಅಡಗಿದೆ.

ಬೆಳೆಯುವ ವಯಸ್ಸಿನವರಿಗೆ, ವಿಶೇಷವಾಗಿ ಹುಡುಗಿಯರಿಗೆ, ಈ ಮಾತು ಇನ್ನೂ ಮುಖ್ಯ. ರಕ್ತಹೀನತೆಯಿಂದ ಬಳಲುವ ಹದಿಹರೆಯದವರು ನಮ್ಮ ದೇಶದಲ್ಲಿ ಬಹಳ. ಬಟಾಣಿಯಲ್ಲಿ ಕಬ್ಬಿಣವೂ, ಹೊಸ ರಕ್ತಕಣಗಳ ರಚನೆಗೆ ಬೇಕಾದ ಫೋಲೇಟೂ ಇವೆ. ಸಸ್ಯಾಹಾರದ ಕಬ್ಬಿಣ ದೇಹಕ್ಕೆ ಸುಲಭವಾಗಿ ಹತ್ತದು. ಅದಕ್ಕೆ ನೆರವಾಗುವ ‘ಸಿ’ ಜೀವಸತ್ವ 100 ಗ್ರಾಂ ಹಸಿ ಕಾಳಿನಲ್ಲಿ ಸುಮಾರು 40 ಮಿಲಿಗ್ರಾಂನಷ್ಟಿದೆ. ಆದರೂ ಬಟಾಣಿ ಔಷಧವಲ್ಲ. ರಕ್ತಹೀನತೆಗೆ ವೈದ್ಯರ ಸಲಹೆ ಅಗತ್ಯ. ಬಟಾಣಿ ದಿನದಿನದ ಊಟವನ್ನು ಬಲಪಡಿಸುವ ಸಹಾಯಕ ಮಾತ್ರ.

ಈ ಗುಣಗಳೆಲ್ಲ ಉಳಿಯಬೇಕಾದರೆ ಕಾಳು ತಾಜಾ ಆಗಿರಬೇಕು. ಕಾಯಿ ಕಿತ್ತ ಗಳಿಗೆಯಿಂದಲೇ ಅದರ ಸಕ್ಕರೆ ಪಿಷ್ಟವಾಗತೊಡಗುತ್ತದೆ; ಸಿಹಿ ಕುಂದುತ್ತದೆ. ಹೆಚ್ಚು ನೀರಿನಲ್ಲಿ ಬೇಯಿಸಿ ನೀರನ್ನು ಚೆಲ್ಲಿದರೆ ಜೀವಸತ್ವವೂ ಅದರೊಡನೆ ಹರಿದುಹೋಗುತ್ತದೆ. ಕಡಿಮೆ ನೀರು, ಮುಚ್ಚಿದ ಪಾತ್ರೆ, ಮಿತವಾದ ಉರಿ: ಇಷ್ಟಿದ್ದರೆ ಸಾಕು.

ಕಣ್ಣಿಗೆ ಅತಿಯಾಗಿ ಹಸಿರಾಗಿ ಕಾಣುವ, ಮೊದಲೇ ಬಿಡಿಸಿಟ್ಟ ಕಾಳನ್ನು ಪರೀಕ್ಷಿಸಿ ಕೊಳ್ಳುವುದು ಲೇಸು. ಒಣ ಬಟಾಣಿಯನ್ನು ನೆನೆಸಿ, ಬಣ್ಣ ಕಟ್ಟಿ, ಹಸಿಯದೆಂದು ಮಾರುವವರೂ ಇದ್ದಾರೆ. ಅಂಥ ಕಾಳನ್ನು ನೀರಿನಲ್ಲಿ ಅರ್ಧ ಗಂಟೆ ಬಿಟ್ಟರೆ ನೀರೇ ಹಸಿರಾಗಿ ಗುಟ್ಟನ್ನು ಹೊರಗೆಡಹುತ್ತದೆ. ಸಿಪ್ಪೆಯೊಳಗಿನ ಕಾಳಿಗೆ ಬಣ್ಣ ಬಳಿಯುವುದು ಯಾರಿಂದಲೂ ಆಗದು. ಮನೆಮಂದಿಯೆಲ್ಲ ಕುಳಿತು ಕಾಯಿ ಸುಲಿಯುವ ಆ ಅರ್ಧ ಗಂಟೆ, ಆದುದರಿಂದ, ಆರೋಗ್ಯಕ್ಕೆ ಸಲ್ಲುವ ಹೊತ್ತು.