ಕಸಬಾ ಹೋಬಳಿ ಮತ್ತು ಮಗ್ಗದ ಮನೆ ಅಜ್ಜಿ

ತಂಗಿಯ ಲಗ್ನಪತ್ರಿಕೆ ಅಚ್ಚಾಗಿ ಬಂದಿತ್ತು. ವಾಟ್ಸಾಪಲ್ಲಿ ಕಳಿಸಿದರೆ ನಮ್ಮ ದೊಡ್ಡಬಳ್ಳಾಪುರದ ಮನೆಯಲ್ಲಿ ಅದು ಕರೆದ ಲೆಕ್ಕವಲ್ಲ. ಮನೆಗೇ ಹೋಗಿ, ಅರಿಶಿನ ಕುಂಕುಮ ಹಚ್ಚಿದ ಪತ್ರಿಕೆ ಕೈಗೆ ಕೊಟ್ಟು, ಕಾಫಿ ಕುಡಿದು ಬರಬೇಕು. ಯಾರನ್ನಾದರೂ ಬಿಟ್ಟರೆ ಮುಂದಿನ ಮೂರು ಮದುವೆಗಳಲ್ಲಿ ಆ ಮಾತು ಕೇಳಬೇಕು.

ಅಪ್ಪ ನೋಟ್‌ಬುಕ್ಕಲ್ಲಿ ಪಟ್ಟಿ ಮಾಡಿದ್ದರು, ನೆನಪಾದ ಹಾಗೆ. ಸೂಲಿಬೆಲೆ ಆದಮೇಲೆ ತ್ಯಾಮಗೊಂಡ್ಲು, ಆಮೇಲೆ ತೂಬಗೆರೆ, ಮತ್ತೆ ಸೂಲಿಬೆಲೆ. "ಇದನ್ನ ಹೋಬಳಿವಾರು ಮಾಡಿಕೊಡೋ, ಸುತ್ತಾಟ ತಪ್ಪುತ್ತೆ" ಅಂದರು.

ಎಕ್ಸೆಲ್‌ನಲ್ಲಿ ಹಾಕಿ ಸಾರ್ಟ್ ಒತ್ತಿದ್ದರೆ ಮುಗೀತಿತ್ತು, ಗೊತ್ತು. ಆದರೆ ಆ ವಾರವೆಲ್ಲ ಆಫೀಸಿನಲ್ಲಿ ಎಕ್ಸ್‌ಎಸ್‌ಎಲ್‌ಟಿ ಜೊತೆ ಗುದ್ದಾಡುತ್ತಿದ್ದೆ. ಕೈ ಸುಮ್ಮನಿರಲಿಲ್ಲ :-) ಪಟ್ಟಿಯನ್ನ ಎಕ್ಸ್‌ಎಂಎಲ್ ಮಾಡಿದೆ. ಟ್ಯಾಗ್‌ಗಳ ಹೆಸರು ಕನ್ನಡದಲ್ಲೇ ಇಡಬಹುದು, ಅದೊಂದು ಖುಷಿ:

<ಮನೆ><ಹೆಸರು>...</ಹೆಸರು><ತಾಲ್ಲೂಕು>ಹೊಸಕೋಟೆ</ತಾಲ್ಲೂಕು><ಹೋಬಳಿ>ಸೂಲಿಬೆಲೆ</ಹೋಬಳಿ></ಮನೆ>

ಇಂಥ ಮನೆಗಳು ಒಂದರ ಪಕ್ಕ ಒಂದು. ಎಲ್ಲವೂ ಒಂದೇ ತಾಯಿಯ ಮಕ್ಕಳು, ಸಿಬ್ಲಿಂಗ್‌ಗಳು. ಇವನ್ನ ಗುಂಪು ಮಾಡಬೇಕು, ಅಷ್ಟೇ.

ಅಷ್ಟೇ ಅಂದೆ, ಆದರೆ 1999ರ ನವೆಂಬರಿನಲ್ಲಿ ಬಂದ ಎಕ್ಸ್‌ಎಸ್‌ಎಲ್‌ಟಿ 1.0ದಲ್ಲಿ ಗುಂಪು ಮಾಡೋಕೆ ಅಂತ ಒಂದು ಆಜ್ಞೆಯೇ ಇಲ್ಲ! 2007ರ ಜನವರಿಯಲ್ಲಿ 2.0 ಬಂದಾಗ ಫಾರ್-ಈಚ್-ಗ್ರೂಪ್ ಸೇರಿತು. ನನ್ನ ಲ್ಯಾಪ್‌ಟಾಪಿನ ಎಕ್ಸ್‌ಎಸ್‌ಎಲ್‌ಟಿಪ್ರಾಕ್‌ಗೆ ಗೊತ್ತಿರೋದು 1.0 ಮಾತ್ರ. ಅದಕ್ಕೆ ಒರಾಕಲ್‌ನ ಸ್ಟೀವ್ ಮ್ಯೂಂಚ್ ತೋರಿಸಿಕೊಟ್ಟ ಉಪಾಯವೊಂದಿದೆ, ಅವರ ಹೆಸರಲ್ಲೇ ಮ್ಯೂಂಚಿಯನ್ ಗ್ರೂಪಿಂಗ್ ಅಂತಾರೆ. ಮೊದಲು 'ಕೀ' ಅಂತ ಒಂದು ಸೂಚಿ ಮಾಡಿಕೊಳ್ಳೋದು, ಪುಸ್ತಕದ ಕೊನೆಯಲ್ಲಿ ಇರುತ್ತಲ್ಲ ಹಾಗೆ. ಯಾವ ಹೋಬಳಿಗೆ ಯಾವ್ಯಾವ ಮನೆ ಅಂತ. ಆಮೇಲೆ ಪ್ರತಿ ಮನೆಯನ್ನೂ ಕೇಳೋದು: "ನಿನ್ನ ಹೋಬಳಿ ಸಾಲಿನಲ್ಲಿ ಮೊದಲು ನಿಂತಿರೋದು ನೀನೇನಾ?" ಹೌದಾ ಅಲ್ಲವಾ ಅಂತ ಹೋಲಿಸಿ ನೋಡೋಕೆ ಜೆನರೇಟ್-ಐಡಿ. ಹೌದು ಅಂದವನ ಹತ್ತಿರ ಮಾತ್ರ ಹೋಬಳಿಯ ಹೆಸರು ಬರೆದು, ಸಾಲಿನಲ್ಲಿರುವ ಎಲ್ಲರನ್ನೂ ಕೆಳಗೆ ಕೂರಿಸೋದು. ಮೊದಲ ಸಲ ಅರ್ಥವಾದಾಗ ಎದ್ದು ನಿಂತು ಚಪ್ಪಾಳೆ ತಟ್ಟಬೇಕು ಅನಿಸಿತ್ತು.

ಪ್ರಿಂಟ್ ತೆಗೆದು ಅಪ್ಪನಿಗೆ ಕೊಟ್ಟೆ. 186 ಮನೆ. ಅಪ್ಪ ಕನ್ನಡಕ ಏರಿಸಿ ನೋಡಿದವರೇ, "ಏನೋ ಇದು, ನೆಲಮಂಗಲದವರನ್ನೂ ಹೊಸಕೋಟೆಯವರನ್ನೂ ಒಂದೇ ಮನೆಯವರು ಮಾಡಿದ್ದೀಯ?" ಅಂದರು.

ಕಸಬಾ! ದೊಡ್ಡಬಳ್ಳಾಪುರಕ್ಕೆ ಒಂದು ಕಸಬಾ ಹೋಬಳಿ, ದೇವನಹಳ್ಳಿಗೆ ಒಂದು, ಹೊಸಕೋಟೆಗೆ, ನೆಲಮಂಗಲಕ್ಕೆ ಒಂದೊಂದು. ನಾನು ಬರೀ ಹೋಬಳಿಯ ಹೆಸರನ್ನ ಕೀ ಮಾಡಿದ್ದೆ. ನಾಲ್ಕು ತಾಲ್ಲೂಕಿನ ಕಸಬಾಗಳು ಒಂದೇ ಚಾಪೆಯಲ್ಲಿ ಕೂತಿದ್ದವು. ಕಾನ್‌ಕ್ಯಾಟ್ ಹಾಕಿ ತಾಲ್ಲೂಕು, ನಡುವೆ ಒಂದು ಗೆರೆ, ಹೋಬಳಿ, ಇಷ್ಟನ್ನೂ ಸೇರಿಸಿ ಕೀ ಮಾಡಿದೆ. ಸರಿಹೋಯಿತು.

ಆದರೆ ಈಗ 187 ಮನೆ!

ಹುಡುಕಿದೆ. ಕೊನೆಯಲ್ಲಿ ಹೊಸದೊಂದು ಗುಂಪು: "ದೊಡ್ಡಬಳ್ಳಾಪುರ|". ಗೆರೆಯ ಆಚೆ ಏನೂ ಇಲ್ಲ. ಕೆಳಗೆ ಒಂದೇ ಹೆಸರು: ಮಗ್ಗದ ಮನೆ ಅಜ್ಜಿ.

ಅಪ್ಪ ಆ ಒಂದು ಹೆಸರಿನ ಮುಂದೆ ಊರು ಹೋಬಳಿ ಏನೂ ಬರೆದಿರಲಿಲ್ಲ. ತಾಲ್ಲೂಕನ್ನ ನಾನೇ ಹಾಕಿದ್ದೆ, ಹೋಬಳಿಯ ಟ್ಯಾಗನ್ನೇ ಬಿಟ್ಟಿದ್ದೆ. ಟ್ಯಾಗೇ ಇಲ್ಲದಿದ್ದರೆ ಆ ಮನೆ ಸೂಚಿಗೆ ಸೇರೋದಿಲ್ಲ. ಸೂಚಿಯಲ್ಲಿ ಇಲ್ಲದವರು ಯಾವ ಸಾಲಿನಲ್ಲೂ ಮೊದಲಿಗರಲ್ಲ, ಎರಡನೆಯವರೂ ಅಲ್ಲ. ಎರರ್ ಇಲ್ಲ, ವಾರ್ನಿಂಗ್ ಇಲ್ಲ, ಸದ್ದಿಲ್ಲದೆ ಮಾಯ. 2.0ದ ಫಾರ್-ಈಚ್-ಗ್ರೂಪ್‌ನಲ್ಲೂ ಗ್ರೂಪ್-ಬೈಗೆ ಏನೂ ಸಿಗದಿದ್ದರೆ ಇದೇ ಗತಿ. ಕಾನ್‌ಕ್ಯಾಟ್ ಹಾಕಿದಾಗ ಕನಿಷ್ಠ ತಾಲ್ಲೂಕೂ ಗೆರೆಯೂ ಉಳಿದವಲ್ಲ, ಅದನ್ನ ಹಿಡಕೊಂಡು ಅಜ್ಜಿ ಹೊರಗೆ ಬಂದಿದ್ದರು. ಕಸಬಾ ಗೊಂದಲ ಆಗದೇ ಇದ್ದಿದ್ದರೆ ನಾನು ಎರಡನೇ ಸಲ ಎಣಿಸುತ್ತಲೇ ಇರಲಿಲ್ಲ.

ನಾನು ಇಂಜಿನಿಯರಿಂಗ್ ಸೇರಿದ ವರ್ಷ ಫೀಸಿಗೆ ದುಡ್ಡು ಸಾಲದೆ ಹೋದಾಗ, ಸೀರೆ ಮಾರಿ ಬಂದಿದ್ದ ಹಣವನ್ನ ಹಾಗೇ ತಂದು ಅಮ್ಮನ ಕೈಗಿಟ್ಟವರು ಈ ಅಜ್ಜಿ. ಯಾವಾಗ ಕೊಡ್ತೀರಿ ಅಂತಲೂ ಕೇಳಿರಲಿಲ್ಲ. ಅವರನ್ನೇ ನನ್ನ ಸ್ಟೈಲ್‌ಶೀಟ್ ನುಂಗಿ ನೀರು ಕುಡಿದಿತ್ತು.

ಈಗ ಆಫೀಸಿನಲ್ಲೂ ಗುಂಪು ಮಾಡೋ ಮುಂಚೆ ಒಂದು ಸಲ, ಮಾಡಿದ ಮೇಲೆ ಒಂದು ಸಲ ಎಣಿಸುತ್ತೇನೆ. ನೀವೂ ಎಣಿಸಿ.

ಮಾರನೆ ದಿನ ಮೊದಲ ಪತ್ರಿಕೆ ಅಜ್ಜಿಗೇ ಕೊಟ್ಟೆವು. ಪವರ್‌ಲೂಮ್ ಸದ್ದಿನಲ್ಲಿ ಮದುವೆ ತಾರೀಖನ್ನ ಎರಡು ಸಲ ಕೂಗಿ ಹೇಳಬೇಕಾಯಿತು. ವಾಪಸ್ ಬರುವಾಗ ಅಪ್ಪನನ್ನ ಕೇಳಿದೆ, "ಎಲ್ಲರದ್ದೂ ಬರೆದು ಇವರದ್ದೊಂದು ವಿಳಾಸ ಯಾಕೆ ಬರೀಲಿಲ್ಲ?"

"ಅವರ ಮನೆಗೆ ಹೋಗೋಕೆ ನಂಗೆ ವಿಳಾಸ ಬೇಕೇನೋ?" ಅಂದರು.