ಒಪ್ಪಿಗೆ ಅವರದು, ದಿನ ನಮ್ಮದು



ನಮ್ಮ ಆ್ಯಪ್‌ಗೆ ಪ್ಲೇ ಸ್ಟೋರ್ ಒಪ್ಪಿಗೆ ಸಿಕ್ಕಿದೆ. ‘ಮತ್ತೆ ಯಾಕಣ್ಣ ಇನ್ನೂ ಕಾಣಿಸ್ತಿಲ್ಲ?’ ಅಂತ ಎರಡು ದಿನದಿಂದ ಫೋನ್ ಬರ್ತಾನೇ ಇವೆ. ಎಲ್ಲರಿಗೂ ಒಟ್ಟಿಗೆ ಇಲ್ಲೇ ಹೇಳಿಬಿಡ್ತೀನಿ.

ಸಾಮಾನ್ಯವಾಗಿ ಗೂಗಲ್‌ನವರು ಪರಿಶೀಲಿಸಿ ಒಪ್ಪಿದ ಕೂಡಲೇ ಆ್ಯಪ್ ತಾನಾಗೇ ಸ್ಟೋರಿಗೆ ಬಂದುಬಿಡುತ್ತೆ. ‘ಮ್ಯಾನೇಜ್ಡ್ ಪಬ್ಲಿಷಿಂಗ್’ ಅಂತ ಒಂದಿದೆ. ಅದನ್ನ ಆನ್ ಮಾಡಿಟ್ಟರೆ ಒಪ್ಪಿಗೆ ಆದಮೇಲೂ ಆ್ಯಪ್ ಒಳಗೇ ಕಾಯುತ್ತೆ, ನಾವು ಬಟನ್ ಒತ್ತಿದಾಗಲೇ ಹೊರಗೆ ಬರೋದು. ನಮ್ಮ ಹುಡುಗ ಅದನ್ನೇ ಮಾಡಿದ್ದಾನೆ. ಅಂದ್ರೆ ಈಗ ದಿನ ಗೊತ್ತುಮಾಡಬೇಕಾದವರು ನಾವು.

ಹಿರಿಯ ಅಣ್ಣಂದಿರು ‘ಏಪ್ರಿಲ್ 14ಕ್ಕೆ ಬಿಡೋಣ, ವೇದಿಕೆ ಮೇಲೆ ದೊಡ್ಡವರ ಕೈಲಿ ಒತ್ತಿಸೋಣ, ಪೇಪರಲ್ಲೂ ಬರುತ್ತೆ’ ಅಂತಾರೆ. ಆಸೆ ನ್ಯಾಯವಾದದ್ದೇ. ಮುದ್ದೇನಹಳ್ಳಿ ಅಂದ್ರೆ ಲೋಕಕ್ಕೆಲ್ಲ ವಿಶ್ವೇಶ್ವರಯ್ಯನವರ ಊರು. ಅದೇ ಊರಿನ ಕೇರಿ ಹುಡುಗನೂ ಒಂದು ಆ್ಯಪ್ ಕಟ್ಟಿದ ಅಂತ ಗೊತ್ತಾಗಲಿ ಅನ್ನೋ ಹೆಮ್ಮೆ ನನಗೂ ಇದೆ. ಆದ್ರೂ ನಾನು ಒಪ್ಪಲಿಲ್ಲ.

ಆ್ಯಪ್ ಇರೋದು ಯಾತಕ್ಕೆ? ದೌರ್ಜನ್ಯ ಆದಾಗ ದೂರು ಹೇಗೆ ಬರೀಬೇಕು, ಸ್ಟೇಷನ್‌ನಲ್ಲಿ ಏನು ಕೇಳಬೇಕು, 14566 ಸಹಾಯವಾಣಿಗೆ ಹೇಗೆ ಫೋನ್ ಮಾಡಬೇಕು ಅಂತ ಕನ್ನಡದಲ್ಲಿ ಹೇಳೋಕೆ. 1989ರ ಕಾಯ್ದೆಗೆ 2018ರಲ್ಲಿ ಸೇರಿದ 18ಎ ಪ್ರಕಾರ ಎಫ್‌ಐಆರ್ ಹಾಕೋಕೆ ಪ್ರಾಥಮಿಕ ವಿಚಾರಣೆ ಬೇಕಿಲ್ಲ. ಇದು ಗೊತ್ತಿಲ್ಲದ ಜನ ‘ನಾಳೆ ಬಾ’ ಅಂದ್ರೆ ವಾಪಸ್ ಬರ್ತಾರೆ. ಆಮೇಲೆ ಕೋರ್ಟಲ್ಲಿ ಎದುರಿನ ವಕೀಲರ ಮೊದಲ ಪ್ರಶ್ನೆ: ‘ದೂರು ಯಾಕೆ ತಡ?’ ಆ್ಯಪ್ ರೆಡಿ ಇದ್ದೂ ನಾವು ಸುಮ್ಮನೆ ಇಟ್ಟುಕೊಳ್ಳೋ ಒಂದೊಂದು ದಿನಕ್ಕೂ ಈ ಬೆಲೆ ಇದೆ.

ಇನ್ನು 14ನೇ ತಾರೀಖು. ಅವತ್ತು ರಜೆ, ಆಫೀಸುಗಳೆಲ್ಲ ಬಂದ್. ನಾವೆಲ್ಲ ಮೆರವಣಿಗೆಯಲ್ಲಿ, ಕಿವಿಗೆ ತಮಟೆ ಬಿಟ್ಟರೆ ಬೇರೇನೂ ಕೇಳಿಸಲ್ಲ. ಸಾವಿರ ಜನ ಡೌನ್‌ಲೋಡ್ ಮಾಡ್ಕೊಂಡು, ಯಾವುದೋ ಪುಟ ತೆರೀಲಿಲ್ಲ ಅಂದ್ರೆ ಫೋನ್ ಎತ್ತೋರು ಯಾರು? ಒಮ್ಮೆ ಜನರ ಫೋನಿಗೆ ಹೋದ ಆ್ಯಪನ್ನ ವಾಪಸ್ ಕರೆಯೋಕಾಗಲ್ಲ. ಸ್ಟೋರಿಂದ ತೆಗೆದ್ರೆ ಹೊಸಬರಿಗೆ ಕಾಣಲ್ಲ ಅಷ್ಟೇ. ಸರಿ ಮಾಡಿದ್ದನ್ನ ಮತ್ತೆ ಕಳಿಸಿ, ಮತ್ತೆ ಪರಿಶೀಲನೆಗೆ ಕಾಯಬೇಕು. ಅಪ್‌ಡೇಟ್ ಆದ್ರೆ ನೂರರಲ್ಲಿ ಹತ್ತು ಜನಕ್ಕೆ ಮೊದಲು ಬಿಟ್ಟು ನೋಡಬಹುದು, ಮೊದಲ ಬಿಡುಗಡೆಗೆ ಆ ಅನುಕೂಲ ಇಲ್ಲ.

ವೇದಿಕೆಗೋಸ್ಕರ ದಿನ ಹುಡುಕೋದನ್ನ ನಾವು ಮೊದಲೇ ನೋಡಿದ್ದೀವಿ. ಬಾಬಾಸಾಹೇಬರ ಹೆಸರಿನ ಭೀಮ್ ಆ್ಯಪ್ ದೆಹಲಿಯಲ್ಲಿ ಬಿಡುಗಡೆ ಆಗಿದ್ದು 2016ರ ಡಿಸೆಂಬರ್ 30ಕ್ಕೆ, ಹಳೇ ನೋಟು ಬ್ಯಾಂಕಿಗೆ ಕಟ್ಟೋ ಕೊನೇ ದಿನ. ಅವತ್ತು ಅದರಲ್ಲಿ ಇದ್ದದ್ದು ಹಿಂದಿ, ಇಂಗ್ಲಿಷ್ ಮಾತ್ರ. ಕನ್ನಡ ಬಂದದ್ದು ಆಮೇಲೆ. ಹೆಸರು ನಮ್ಮವರದು, ದಿನ ಯಾರದೋ.

ಹಾಗಂತ ಒಪ್ಪಿಗೆ ಇಟ್ಕೊಂಡು ಕೂರೋದೂ ಬೇಡ. ಸಾರ್ವಜನಿಕ ಕೆರೆ ಬಾವಿ ಎಲ್ಲರಿಗೂ ತೆರೆದಿರಬೇಕು ಅಂತ ಬಾಂಬೆ ಶಾಸನ ಪರಿಷತ್ತು ಬೋಲೆಯವರ ನಿರ್ಣಯ ಒಪ್ಪಿದ್ದು 1923ರಲ್ಲಿ. ಮಹಾಡ್ ಪುರಸಭೆಯೂ ಒಪ್ಪಿತು. ಕಾಗದದಲ್ಲಿ ಕೆರೆ ತೆರೆದಿತ್ತು, ಬಾಯಿಗೆ ನೀರು ಬಂದಿರಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಜನರನ್ನ ಕರ್ಕೊಂಡು ಹೋಗಿ ಚವದಾರ್ ಕೆರೆ ನೀರು ಕುಡಿದ್ರು. ಯಾರೋ ಕೊಟ್ಟ ಒಪ್ಪಿಗೆ ನಮ್ಮ ಕೈಗೆ ಬರೋಕೆ ನಾವೇ ನಡೀಬೇಕು, ನಡೆಯೋ ಮುಂಚೆ ತಯಾರಿನೂ ಇರಬೇಕು.

ಅದಕ್ಕೆ ನನ್ನ ಮಾತು ಇಷ್ಟು: 6ನೇ ತಾರೀಖು ಸೋಮವಾರ ಬೆಳಿಗ್ಗೆ ಸದ್ದಿಲ್ಲದೆ ಬಿಡೋಣ. ಸ್ಟೋರಲ್ಲಿ ಎಲ್ಲರಿಗೂ ಕಾಣೋಕೆ ಕೆಲವು ಗಂಟೆ ಹಿಡಿದರೂ ಗಾಬರಿ ಬೇಡ. ಆ ವಾರ ಪೂರ್ತಿ ಶಿಫ್ಟ್ ಹಾಕ್ಕೊಂಡು ಫೋನ್ ಎತ್ತೋಣ. ನಾನು ಆಫೀಸ್ ಮುಗಿಸಿ ಸಂಜೆ 6ರಿಂದ 10ರವರೆಗೆ ಕೂರ್ತೀನಿ. ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರಿನಿಂದ ತಲಾ ಇಬ್ಬರು ಬೇಕು. 14ಕ್ಕೆ ವೇದಿಕೆ ಮೇಲೆ ಹೇಳೋಣ, ಅಷ್ಟೊತ್ತಿಗೆ ಅದು ಕೆಲಸ ಮಾಡ್ತಿರೋ ಆ್ಯಪ್ ಆಗಿರುತ್ತೆ. ಮೈಕ್ ಹಿಡಿದು ಹೇಳೋಕೆ ಅಣ್ಣಂದಿರೇ ಬರಬೇಕು.

ಕೂರೋಕೆ ಆಗೋರು ಕೆಳಗೆ ನಿಮ್ಮ ತಾಲೂಕು, ಬಿಡುವಿನ ಹೊತ್ತು ಬರೀರಿ.

ಜೈ ಭೀಮ್.