ಆಲೂಗಡ್ಡೆಯ ಉಸಿರು

ಅಡಿಗೆಮನೆಯ ಮೂಲೆಯ ಬುಟ್ಟಿಯಲ್ಲಿ ಬಿದ್ದಿರುವ ಆಲೂಗಡ್ಡೆ ನಮ್ಮ ಪಾಲಿಗೆ ಜಡವಸ್ತು. ಆದರೆ ಅದು ಉಸಿರಾಡುತ್ತಿದೆ. ಅದರ ಒಂದೊಂದು ಜೀವಕೋಶವೂ ಆಮ್ಲಜನಕವನ್ನು ಬಳಸಿಕೊಂಡು, ಕೂಡಿಟ್ಟ ಪಿಷ್ಟವನ್ನು ಸಣ್ಣಗೆ ಉರಿಸಿ, ತನ್ನ ಬಾಳನ್ನು ನಡೆಸುತ್ತಿದೆ. ಈ ಉಸಿರಿನ ಗುಟ್ಟನ್ನು ಬಿಡಿಸಿದವರಲ್ಲಿ ಒಬ್ಬ ಭಾರತೀಯ ಮಹಿಳೆಯಿದ್ದರು. ಆಕೆಯ ಸಂಶೋಧನೆಯ ಹಾದಿ ಆರಂಭವಾದದ್ದು ನಮ್ಮ ಬೆಂಗಳೂರಿನಲ್ಲಿ. ಅದೂ ಮುಚ್ಚಿದ ಬಾಗಿಲೊಂದರ ಮುಂದೆ.

1933ನೆಯ ಇಸವಿ. ಮುಂಬಯಿ ವಿಶ್ವವಿದ್ಯಾನಿಲಯದ ಬಿ.ಎಸ್‌ಸಿ. ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆಯಾದ ಕಮಲಾ ಭಾಗವತ್ ಎಂಬ ತರುಣಿ, ಮುಂದಿನ ವ್ಯಾಸಂಗಕ್ಕಾಗಿ ಟಾಟಾ ಇನ್‌ಸ್ಟಿಟ್ಯೂಟಿಗೆ, ಎಂದರೆ ಭಾರತೀಯ ವಿಜ್ಞಾನ ಮಂದಿರಕ್ಕೆ, ಅರ್ಜಿ ಹಾಕಿದರು. ಆಕೆಗೆ ಅದು ಪರರ ಮನೆಯಾಗಿರಲಿಲ್ಲ. ತಂದೆ ನಾರಾಯಣರಾಯರೂ ಚಿಕ್ಕಪ್ಪ ಮಾಧವರಾಯರೂ ರಸಾಯನಶಾಸ್ತ್ರ ಕಲಿತದ್ದು ಅಲ್ಲಿಯೇ. ಮನೆಯಲ್ಲಿ ದಿನವೂ ಕೇಳಿಬರುತ್ತಿದ್ದ ಹೆಸರು ಅದು. ಉತ್ತರ ಬಂದಿತು. ಹೆಂಗಸೆಂಬ ಕಾರಣದಿಂದ ಪ್ರವೇಶವಿಲ್ಲ.

ಆಗ ಸಂಸ್ಥೆಯ ನಿರ್ದೇಶಕರಾಗಿದ್ದವರು ಸರ್ ಸಿ. ವಿ. ರಾಮನ್, ಮೂರು ವರ್ಷಗಳ ಹಿಂದೆಯಷ್ಟೇ ನೊಬೆಲ್ ಬಹುಮಾನ ಪಡೆದು ಜಗತ್ತಿನ ಮುಂದೆ ಭಾರತದ ತಲೆಯೆತ್ತಿಸಿದ್ದ ಮಹಾನುಭಾವರು. ಆಕಾಶದ ನೀಲಿಯನ್ನೂ ಕಡಲಿನ ನೀಲಿಯನ್ನೂ ವಿವೇಚಿಸಬಲ್ಲ ಆ ಕಣ್ಣಿಗೆ, ಎದುರು ನಿಂತ ಹೆಣ್ಣುಮಗಳ ಯೋಗ್ಯತೆ ಕಾಣಲಿಲ್ಲ. ದೊಡ್ಡವರ ದೊಡ್ಡತನಕ್ಕೂ ಒಂದು ಎಲ್ಲೆಯಿರುತ್ತದೆ.

ಕಮಲಾ ಸುಮ್ಮನೆ ಹಿಂದಿರುಗಲಿಲ್ಲ. ಅದು ಗಾಂಧೀಜಿಯ ಕಾಲ. ಸತ್ಯಾಗ್ರಹವೆಂಬ ಮಾತು ಮನೆಮನೆಯಲ್ಲೂ ಇತ್ತು. ಯೋಗ್ಯತೆಯಿದ್ದೂ ಏಕೆ ಪ್ರವೇಶವಿಲ್ಲವೆಂದು ಆಕೆ ಪಟ್ಟು ಹಿಡಿದರು. ಕೊನೆಗೆ ರಾಮನ್ ಒಪ್ಪಿದರು, ಆದರೆ ಷರತ್ತುಗಳೊಡನೆ. ಮೊದಲ ವರ್ಷವೆಲ್ಲ ಆಕೆ ಪರೀಕ್ಷಾರ್ಥಿಯಂತೆ ಇರತಕ್ಕದ್ದು. ಕೆಲಸ ತೃಪ್ತಿಕರವೆಂದು ನಿರ್ದೇಶಕರು ಒಪ್ಪುವವರೆಗೆ ಅದಕ್ಕೆ ಮಾನ್ಯತೆಯಿಲ್ಲ. ಮೂರನೆಯದು ಎಲ್ಲಕ್ಕಿಂತ ಕಟುವಾದದ್ದು: ತನ್ನ ಇರವಿನಿಂದ ಪುರುಷ ವಿದ್ಯಾರ್ಥಿಗಳ ಚಿತ್ತ ಕೆಡದಂತೆ ಆಕೆ ನೋಡಿಕೊಳ್ಳಬೇಕು! ಆಕೆ ಒಪ್ಪಿದರು. ಒಪ್ಪಿದರೆಂದು ನೋವಾಗಲಿಲ್ಲವೆಂದಲ್ಲ. ಆ ಅವಮಾನವನ್ನು ಆಕೆ ಮುಪ್ಪಿನಲ್ಲಿಯೂ ಮರೆತಿರಲಿಲ್ಲ.

ಜೀವರಸಾಯನಶಾಸ್ತ್ರದಲ್ಲಿ ಆಕೆಗೆ ದೊರೆತ ಗುರುಗಳು ಎಂ. ಶ್ರೀನಿವಾಸಯ್ಯನವರು. ಶಿಸ್ತಿನಲ್ಲಿ ಬಲು ಕಟ್ಟುನಿಟ್ಟು. ಕಲಿಯುವ ಮನಸ್ಸಿದ್ದವರಿಗೆ ಬಲು ಉದಾರಿ. ಅವರ ಮಾರ್ಗದರ್ಶನದಲ್ಲಿ ಕಮಲಾ ಹಾಲು ಮತ್ತು ಬೇಳೆಕಾಳುಗಳ ಸಸಾರಜನಕವನ್ನು ಕುರಿತು ಕೆಲಸ ಮಾಡಿದರು. ಬಡವನ ತಟ್ಟೆಯಲ್ಲಿ ಮಾಂಸವಿಲ್ಲ, ಬೇಳೆಯಿದೆ. ಆ ಬೇಳೆಯಲ್ಲಿರುವುದೇನು ಎಂಬುದು ಆ ಪ್ರಯೋಗಶಾಲೆಯ ಪ್ರಶ್ನೆ. ವರ್ಷ ಕಳೆಯಿತು. ಷರತ್ತು ವಿಧಿಸಿದವರೇ ಕೆಲಸವನ್ನು ಮೆಚ್ಚಿದರು. 1936ರಲ್ಲಿ ಆಕೆ ಎಂ.ಎಸ್‌ಸಿ. ಪದವಿಯನ್ನು ಉನ್ನತ ಶ್ರೇಣಿಯಲ್ಲಿ ಪಡೆದರು. ಆಕೆಯ ಹಿಂದೆ ಆ ಬಾಗಿಲು ಬೇರೆ ಹೆಣ್ಣುಮಕ್ಕಳಿಗೂ ತೆರೆಯಿತು.

ಮುಂದಿನದು ಕೇಂಬ್ರಿಜ್. ಜೀವಸತ್ತ್ವಗಳ ಶೋಧಕ್ಕಾಗಿ 1929ರಲ್ಲಿ ನೊಬೆಲ್ ಪಡೆದ ಫ್ರೆಡರಿಕ್ ಹಾಪ್‌ಕಿನ್ಸ್ ಅವರ ಪ್ರಯೋಗಶಾಲೆಯಲ್ಲಿ ಸ್ಥಳ ದೊರೆಯಿತು. ಮೊದಲು ಡೆರೆಕ್ ರಿಕ್ಟರ್, ಅನಂತರ ಸಸ್ಯಗಳಲ್ಲಿ ಆಳವಾದ ಪರಿಶ್ರಮವಿದ್ದ ರಾಬಿನ್ ಹಿಲ್ ಆಕೆಗೆ ಮಾರ್ಗದರ್ಶಕರಾದರು. 1925ರಲ್ಲಿ ಅದೇ ಕೇಂಬ್ರಿಜ್‌ನಲ್ಲಿ ಡೇವಿಡ್ ಕೀಲಿನ್ ಎಂಬ ವಿಜ್ಞಾನಿ ಕೀಟಗಳ ಸ್ನಾಯುಗಳನ್ನೂ ಯೀಸ್ಟನ್ನೂ ರೋಹಿತದರ್ಶಕದಲ್ಲಿ ನೋಡಿ, ಕಬ್ಬಿಣವನ್ನು ಹೊತ್ತ ಒಂದು ವರ್ಣದ್ರವ್ಯವನ್ನು ಗುರುತಿಸಿ, ಅದಕ್ಕೆ ಸೈಟೋಕ್ರೋಮ್ ಎಂದು ಹೆಸರಿಟ್ಟಿದ್ದರು. ಹೆಂಚು ಹೊದಿಸುವಾಗ ಸಾಲಾಗಿ ನಿಂತವರು ಒಂದೊಂದೇ ಹೆಂಚನ್ನು ಕೈಯಿಂದ ಕೈಗೆ ದಾಟಿಸುವುದನ್ನು ಓದುಗರು ನೋಡಿರಬಹುದು. ಜೀವಕೋಶದಲ್ಲಿ ನಡೆಯುವುದೂ ಅದೇ. ಆಹಾರದಿಂದ ಬಿಡುಗಡೆಯಾದ ಎಲೆಕ್ಟ್ರಾನುಗಳು ಕೈಯಿಂದ ಕೈಗೆ ಸಾಗಿ ಕೊನೆಗೆ ಆಮ್ಲಜನಕವನ್ನು ಸೇರುತ್ತವೆ, ನೀರು ಹುಟ್ಟುತ್ತದೆ, ದಾರಿಯಲ್ಲಿ ದೊರೆತ ಶಕ್ತಿಯಿಂದ ಬದುಕು ನಡೆಯುತ್ತದೆ. ಆ ಸಾಲಿನಲ್ಲಿ ಒಮ್ಮೆಗೆ ಒಂದೇ ಎಲೆಕ್ಟ್ರಾನನ್ನು ಹೊತ್ತು ದಾಟಿಸುವ ಪುಟ್ಟ ಕೂಲಿಯಾಳು ಸೈಟೋಕ್ರೋಮ್ ಸಿ.

ಗಿಡಗಳ ಸಂಗತಿ ಮಾತ್ರ ಸ್ಪಷ್ಟವಾಗಿರಲಿಲ್ಲ. ಎಲೆಯಲ್ಲಿ ನೋಡಹೊರಟರೆ ಹಸಿರು ಬಣ್ಣವೇ ಅಡ್ಡಬರುತ್ತದೆ. ಹೆಚ್ಚಿದ ಆಲೂಗಡ್ಡೆಯನ್ನು ಕಪ್ಪಾಗಿಸುವ ಬೇರೊಂದು ಕಿಣ್ವವೇ ಅದರ ಉಸಿರಾಟವನ್ನೂ ನಡೆಸುತ್ತದೆಂದು ಎಣಿಸಿದವರೂ ಇದ್ದರು. ಕಮಲಾ ಹಸಿರಿಲ್ಲದ ಆಲೂಗಡ್ಡೆಯನ್ನೇ ಕೈಗೆತ್ತಿಕೊಂಡರು. ಸಸ್ಯದ ಜೀವಕೋಶಗಳಲ್ಲಿಯೂ ಸೈಟೋಕ್ರೋಮ್ ಸಿ ಇದೆ, ಗಿಡದ ಉಸಿರಾಟದಲ್ಲಿಯೂ ಅದಕ್ಕೆ ಪಾತ್ರವಿದೆ ಎಂಬುದು ಅಲ್ಲಿ ತಿಳಿದುಬಂದಿತು. ಹೂಬಿಡುವ ಸಸ್ಯಗಳ ಸೈಟೋಕ್ರೋಮ್ ಆಕ್ಸಿಡೇಸನ್ನು ಕುರಿತು ಹಿಲ್ ಅವರೊಡನೆ ಬರೆದ ಲೇಖನ 1939ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬೆಳಕು ಕಂಡಿತು. ಪಿಎಚ್.ಡಿ. ಪ್ರಬಂಧಕ್ಕೆ ಹಿಡಿದ ಕಾಲ ಹದಿನಾಲ್ಕೇ ತಿಂಗಳು; ಪುಟಗಳು ಸುಮಾರು ನಲವತ್ತು. ಹೇಳಬೇಕಾದದ್ದು ಗಟ್ಟಿಯಾಗಿದ್ದಲ್ಲಿ ಪುಟಗಳ ಹಂಗೇಕೆ? ಆದರೂ ಆ ಕೇಂಬ್ರಿಜ್ ಕೂಡ ಹೆಣ್ಣುಮಕ್ಕಳನ್ನು ಪೂರ್ಣ ಸದಸ್ಯರೆಂದು ಅಂಗೀಕರಿಸಿದ್ದು 1948ರಲ್ಲಿ. ಬಾಗಿಲು ಮುಚ್ಚುವ ಅಭ್ಯಾಸ ಒಂದೇ ದೇಶದ್ದಲ್ಲ.

ವಿದೇಶದಲ್ಲಿ ನಿಲ್ಲದೆ ಆಕೆ 1939ರಲ್ಲಿ ಹಿಂದಿರುಗಿದರು. ದೆಹಲಿಯ ಲೇಡಿ ಹಾರ್ಡಿಂಜ್ ವೈದ್ಯಕೀಯ ಕಾಲೇಜಿನಲ್ಲಿ ಜೀವರಸಾಯನ ವಿಭಾಗದ ಮುಖ್ಯಸ್ಥೆ. ಅನಂತರ ಕೂನೂರಿನ ಪೋಷಣ ಸಂಶೋಧನಾಲಯ. 1947ರಲ್ಲಿ ಎಂ. ವಿ. ಸೊಹೋನಿಯವರನ್ನು ವಿವಾಹವಾಗಿ ಮುಂಬಯಿಗೆ ಬಂದು, ಅಲ್ಲಿನ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕಿಯಾದರು. ಮತ್ತೆ ಅದೇ ಬೇಳೆಕಾಳು, ತಾಳೆಬೆಲ್ಲ, ಅಕ್ಕಿಹಿಟ್ಟು. ರಾಷ್ಟ್ರಪತಿ ರಾಜೇಂದ್ರ ಪ್ರಸಾದರ ಸೂಚನೆಯಂತೆ ನೀರಾವನ್ನು ಪರೀಕ್ಷಿಸಿ, ಹೊಟ್ಟೆ ತುಂಬದ ಮಕ್ಕಳಿಗೂ ಬಸುರಿಯರಿಗೂ ಅದು ಅಗ್ಗದ ಪೋಷಣೆಯೆಂದು ತೋರಿಸಿದರು. ಅದಕ್ಕಾಗಿ ರಾಷ್ಟ್ರಪತಿಗಳ ಪುರಸ್ಕಾರ ಸಂದಿತು. ಸಂಸ್ಥೆಯ ನಿರ್ದೇಶಕ ಪದವಿಯೂ ಬಂದಿತು. ಆದರೆ ಬರಬೇಕಾದ ಹೊತ್ತಿಗೆ ಬರಲಿಲ್ಲ.

ಇತ್ತ ಸೈಟೋಕ್ರೋಮ್ ಸಿ ತನ್ನ ಪಯಣವನ್ನು ಮುಂದುವರಿಸಿತು. 1960ರ ದಶಕದಲ್ಲಿ ವಿಜ್ಞಾನಿಗಳು ಅದರ ಅಮೈನೋ ಆಮ್ಲಗಳ ಸಾಲನ್ನು ಜೀವಿಯಿಂದ ಜೀವಿಗೆ ಹೋಲಿಸಿದರು. 1967ರಲ್ಲಿ ಫಿಚ್ ಮತ್ತು ಮಾರ್ಗೋಲಿಯಾಷ್ ಆ ವ್ಯತ್ಯಾಸಗಳಿಂದಲೇ ಜೀವಿಗಳ ವಂಶವೃಕ್ಷವನ್ನು ಬರೆದರು. ಮಾನವನದಕ್ಕೂ ಚಿಂಪಾಂಜಿಯದಕ್ಕೂ ಒಂದು ಅಕ್ಷರದ ಭೇದವೂ ಇಲ್ಲ. 1996ರಲ್ಲಿ ಮತ್ತೊಂದು ಬೆರಗು: ಉಸಿರು ನಡೆಸುವ ಅದೇ ಕಣ, ಮೈಟೊಕಾಂಡ್ರಿಯದಿಂದ ಹೊರಬಿದ್ದರೆ ಜೀವಕೋಶದ ಮರಣಕ್ಕೂ ಅಪ್ಪಣೆ ಕೊಡುತ್ತದೆ.

ಎಂಬತ್ತು ದಾಟಿದ ಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ಆಕೆಯನ್ನು ದೆಹಲಿಗೆ ಕರೆದು ಸನ್ಮಾನಿಸಿತು. ಆ ಸಮಾರಂಭದಲ್ಲಿಯೇ ಕುಸಿದ ಆಕೆ ಹೆಚ್ಚು ಕಾಲ ಬದುಕಲಿಲ್ಲ. ಅರುವತ್ತು ವರ್ಷ ತಡವಾಗಿ ಬಂದ ಮನ್ನಣೆ ಅದು.

ಕಮಲಾ ಸೊಹೋನಿಯವರು ಆಲೂಗಡ್ಡೆಯಲ್ಲಿ ಕಂಡದ್ದು ಒಂದು ದೊಡ್ಡ ಸತ್ಯ. ಗಿಡದಲ್ಲಿ, ಕೀಟದಲ್ಲಿ, ಮಾನವನಲ್ಲಿ ಉಸಿರಿನ ಬಗೆ ಒಂದೇ. ಜೀವಕೋಶವು ಹೊರೆ ಹೊರುವವರ ಕುಲ ಕೇಳುವುದಿಲ್ಲ. ಒಂದು ವರ್ಷ ನೋಡೋಣವೆಂದು ಹೇಳುವುದೂ ಇಲ್ಲ.